ಸೊಂಟದ ಮೇಲೆ ಏಳುನೂರು ಗ್ರಾಂ

ಕುಮಟೆಯಿಂದ ಬಾಡದ ಮೇಲೆ ಹಾಯ್ದು ಅಘನಾಶಿನಿ ಅಳಿವೆಯ ಕಡೆ ಹೋಗುವ ದಾರಿಯಲ್ಲಿ ಕಾಗಾಲ ಸಿಗುತ್ತದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಉಪ್ಪುನೀರು ಹೊಕ್ಕು ಹೊರಡುವ ಗಜನಿ ಗದ್ದೆ, ನಡುವೆ ತೆಂಗಿನ ತೋಟಗಳು. ಅಲ್ಲಿನ ನಮ್ಮ ದೊಡ್ಡಪ್ಪನ ಮನೆಯ ಜಗಲಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ನಾವು ಚಿಕ್ಕವರಿದ್ದಾಗ ಅವುಗಳ ಮೇಲೆ ಜೋಡುನಳಿಗೆಯ ಕೋವಿ ಅಡ್ಡ ಮಲಗಿರುತ್ತಿತ್ತು. ಈಗ ಗೂಟಗಳು ಮಾತ್ರ ಉಳಿದಿವೆ, ಕೋವಿ ಒಳಕೋಣೆಯ ಬೀಗದ ಕಪಾಟು ಸೇರಿದೆ. ಚುನಾವಣೆ ಘೋಷಣೆಯಾದಾಗಲೆಲ್ಲ ದೊಡ್ಡಪ್ಪ ಅದನ್ನು ಹಳೆ ಪಂಚೆಯಲ್ಲಿ ಸುತ್ತಿ ಠಾಣೆಗೆ ಒಯ್ದು ಠೇವಣಿ ಇಡುತ್ತಾರೆ. ಮತ ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ತೋಟಕ್ಕೆ ಮಂಗ ಬಂದರೆ ಡಬ್ಬ ಬಡಿಯುವುದೇ ಗತಿ. ಯಾರ ಮನೆಯಲ್ಲಿ ಕೋವಿ ಇದೆ, ಅದು ಒಂಟಿನಳಿಗೆಯೋ ಜೋಡಿಯೋ, ಯಾರ ಅಜ್ಜನ ಕಾಲದ್ದು ಎಂಬುದೆಲ್ಲ ಇಡೀ ಕೇರಿಗೆ ಗೊತ್ತು.

ಕಳೆದ ಮಳೆಗಾಲದಲ್ಲಿ ಅದೇ ಜಗಲಿಯ ಮೇಲೆ ದೊಡ್ಡಪ್ಪನ ಮಗ, ನನಗೆ ತಮ್ಮನಾಗಬೇಕಾದವನು, ನನ್ನ ಮುಂದೆ ಮೊಬೈಲು ಹಿಡಿದು ಕೂತ. ಅಡಿಕೆ-ತೆಂಗಿನಕಾಯಿ ವ್ಯಾಪಾರ ಅವನದು. ಹೊನ್ನಾವರ, ಶಿರಸಿ ಎಂದು ತಿರುಗಾಟ, ಕೈಯಲ್ಲಿ ನಗದು, ರಾತ್ರಿ ಘಾಟಿ ಇಳಿಯುವ ದಾರಿ. ಸೊಂಟದಲ್ಲಿ ಮುಚ್ಚಿ ಇಟ್ಟುಕೊಳ್ಳುವಂಥ ಸಣ್ಣ ಪಿಸ್ತೂಲು ಯಾವುದು ಒಳ್ಳೆಯದು ಎಂದು ಕೇಳಿದ. ಅವನು ತೋರಿಸಿದ ಚಿತ್ರಗಳೆಲ್ಲ ಅಮೆರಿಕದ ಅಂಗಡಿಗಳವು. ದೊಡ್ಡಪ್ಪ ಕವಳದ ತಟ್ಟೆಯಿಂದ ತಲೆ ಎತ್ತದೆ, "ತಮಾ, ಕೋವಿ ಹೇಳಿದ್ರೆ ನಾಲ್ಕು ಜನಕ್ಕೆ ಕಾಣೂಕೆ ಇರೂದು. ಅಡಗ್ಸಿಟ್ಕೊಂಡು ಎಂತ ಮಾಡ್ತೆ?" ಎಂದರು. ಆ ಹೊತ್ತಿಗೆ ನಾನು ಉತ್ತರಿಸಲಿಲ್ಲ. ಇಬ್ಬರ ಮಾತೂ ನನ್ನಲ್ಲೇ ಉಳಿಯಿತು. ಆಮೇಲೆ ಓದಿದ್ದು, ಕೇಳಿದ್ದು, ಕೈಯಲ್ಲಿ ಹಿಡಿದು ನೋಡಿದ್ದು ಎಲ್ಲ ಸೇರಿ ಈ ಲೇಖನ.

ಮೊದಲು ಕಾನೂನು, ಏಕೆಂದರೆ ನಮ್ಮಲ್ಲಿ ಆಯ್ಕೆ ಶುರುವಾಗುವುದು ಅಂಗಡಿಯಲ್ಲಲ್ಲ, ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಉದ್ದ ಕೋವಿಯನ್ನೂ ಕೈಪಿಸ್ತೂಲನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆ ಕಾಯಲು ಕೇಳಿದರೆ, ಅಡ್ಡಿ ಇಲ್ಲದ ಪಕ್ಷದಲ್ಲಿ ಪರವಾನಗಿ ಕೊಡತಕ್ಕದ್ದು ಎಂಬ ಧಾಟಿ ಅದರ 13ನೇ ಕಲಮಿನಲ್ಲಿದೆ. ಉಳಿದ ಆಯುಧಗಳಿಗೆ 'ತಕ್ಕ ಕಾರಣ' ಇದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಇಪ್ಪತ್ತು ಇಂಚೆಂದರೆ ಅರ್ಧ ಮೀಟರು. ಅಂಗಿಯೊಳಗೆ ಅಡಗದ ಉದ್ದ. ಕಾಯ್ದೆ ಬರೆದವರ ಮನಸ್ಸಿನಲ್ಲೂ ದೊಡ್ಡಪ್ಪನ ಮಾತೇ ಇತ್ತು ಎಂದು ನನಗನ್ನಿಸುತ್ತದೆ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಆಯುಧ ಸುರಕ್ಷತೆಯ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ ಎಲ್ಲ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡು ಬಂದೂಕಿನ ಮಿತಿ, ಮೊದಲು ಮೂರಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಕೈಪಿಸ್ತೂಲಿನ ಪರವಾನಗಿ ಕೇಳುವವನಿಗೆ ತನ್ನ ಜೀವಕ್ಕಿರುವ ಬೆದರಿಕೆ ಎಂಥದು ಎಂದು ಹೇಳುವ ಹೊಣೆಯಿದೆ. ಬರೀ ವ್ಯಾಪಾರಿ ಎಂದರೆ ಸಾಲದು.

ನನಗೆ ಹೊಸದಾಗಿ ಕಂಡದ್ದು 2016ರ ಶಸ್ತ್ರಾಸ್ತ್ರ ನಿಯಮಗಳ ಒಂದು ಅಂಶ. ಸಾರ್ವಜನಿಕ ಸ್ಥಳದಲ್ಲಿ ಕೈಪಿಸ್ತೂಲು ಒಯ್ಯುವವನು ಅದನ್ನು ಮೈಗೆ ಕಟ್ಟಿದ ಒರೆಯಲ್ಲೋ ಬೆನ್ನಚೀಲದಂಥದ್ದರಲ್ಲೋ ಇಟ್ಟು ಪೂರ್ತಿ ಮುಚ್ಚಿರಬೇಕು, ಮತ್ತು ಅದು ಸದಾ ಅವನ ಹಿಡಿತದಲ್ಲಿರಬೇಕು. ತೆಗೆದು ಝಳಪಿಸುವ ಹಾಗಿಲ್ಲ, ಜನರ ನಡುವೆ ಹಾರಿಸುವ ಹಾಗಿಲ್ಲ. ಮದುವೆ-ಮೆರವಣಿಗೆಯ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಮೆರಿಕದಲ್ಲಿ ಮುಚ್ಚಿ ಒಯ್ಯುವುದು ಒಂದು ಹಕ್ಕಿನ ಪ್ರಶ್ನೆ. ನ್ಯೂಯಾರ್ಕಿನ ಹಳೆಯ ನಿರ್ಬಂಧವನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ತೆಗೆದುಹಾಕಿತು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ 21 ದಾಟಿದ ಹೆಚ್ಚಿನವರಿಗೆ ಅದಕ್ಕೆ ಪರವಾನಗಿಯೇ ಬೇಡ. ನಮ್ಮಲ್ಲಿ ಮುಚ್ಚಿಡುವುದು ಆಯುಧ ಹೊತ್ತವನು ಉಳಿದವರಿಗೆ ಸಲ್ಲಿಸಬೇಕಾದ ಮರ್ಯಾದೆ. ಒಂದೇ ಕೆಲಸ, ಅದರ ಹಿಂದಿನ ಭಾವ ಬೇರೆ.

ಆಯುಧದ ವಿಷಯದಲ್ಲಿ ಸರ್ಕಾರಕ್ಕೂ ಜನಕ್ಕೂ ನಡುವೆ ಇರುವ ಈ ಬಿಗಿತ ನಿನ್ನೆ ಮೊನ್ನೆಯದಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೈಯಲ್ಲಿದ್ದ ಹತಾರ ಕೊಡಲೊಲ್ಲದೆ ದಂಗೆ ಎದ್ದರು, ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಲಾವಣಿಯಾಗಿ ಆ ಕಥೆ ಇವತ್ತಿಗೂ ಉಳಿದಿದೆ. ಕೊಡಗಿನಲ್ಲಿ ಬೇರೆಯೇ ದಾರಿ. ಹತ್ತೊಂಬತ್ತನೇ ಶತಮಾನದಲ್ಲಿ ಸಿಕ್ಕ, ಪರವಾನಗಿಯಿಂದ ವಿನಾಯಿತಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇನ್ನೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು. ಅಲ್ಲೂ ಕೋವಿ ಎಲ್ಲರ ಕಣ್ಣೆದುರಿನದೇ. ಕನ್ನಡ ನಾಡಿನ ಯಾವ ಮೂಲೆಯಲ್ಲೂ ಅಡಗಿಸಿಟ್ಟ ಪಿಸ್ತೂಲಿಗೆ ಹಬ್ಬ ಮಾಡಿದ್ದನ್ನು ನಾನು ಕೇಳಿಲ್ಲ.

ಇನ್ನು ತಮ್ಮನ ಮೊಬೈಲಿನಲ್ಲಿದ್ದ ಚಿತ್ರಗಳು. ಗ್ಲಾಕ್ 43, ಸಿಗ್ ಪಿ365, ಇಂಥವು. ಇವೆಲ್ಲ 9 ಎಂ.ಎಂ. ಗುಂಡಿನವು. 9 ಎಂ.ಎಂ. ಭಾರತದಲ್ಲಿ ನಿಷೇಧಿತ ಬೋರ್, ಸೈನ್ಯಕ್ಕೂ ಪೊಲೀಸರಿಗೂ ಸೇರಿದ್ದು. ಸಾಮಾನ್ಯ ಪರವಾನಗಿಯಲ್ಲಿ ಆತ್ಮರಕ್ಷಣೆಗೆಂದು ಸಿಗುವ ಕೈಪಿಸ್ತೂಲೆಂದರೆ ಬಹುಮಟ್ಟಿಗೆ .32 ಬೋರ್, ಅಂದರೆ 7.65 ಎಂ.ಎಂ., ಅಥವಾ ಪುಟ್ಟ .22. ಜೊತೆಗೆ 1980ರ ದಶಕದಿಂದೀಚೆಗೆ ಖಾಸಗಿಯವರು ಹೊರದೇಶದ ಬಂದೂಕು ತರಿಸಿಕೊಳ್ಳುವುದು ನಿಂತೇ ಹೋಗಿದೆ. ಅದಕ್ಕೇ ಅಜ್ಜನ ಕಾಲದ ವೆಬ್ಲಿ ರಿವಾಲ್ವರಿಗೋ ವಾಲ್ಥರ್ ಪಿಸ್ತೂಲಿಗೋ ಇಲ್ಲಿ ಹೊಸ ಕಾರಿನಷ್ಟು ಬೆಲೆ ಹೇಳುವವರಿದ್ದಾರೆ.

.32ರಲ್ಲೂ ಎರಡು ತೋಟಾಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. ರಿವಾಲ್ವರಿಗೆ ಹಾಕುವುದು 1896ರಷ್ಟು ಹಳೆಯ, ಅಂಚಿರುವ ಉದ್ದನೆಯ ತೋಟಾ. ಪಿಸ್ತೂಲಿಗೆ ಹಾಕುವುದು ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಗಿಡ್ಡ ತೋಟಾ. ಎರಡರ ಬಲವೂ ಹೆಚ್ಚುಕಡಿಮೆ ಒಂದೇ, ನಳಿಗೆಯ ಬಾಯಲ್ಲಿ ಸುಮಾರು 170 ಜೂಲ್. 9 ಎಂ.ಎಂ. ಆದರೆ 450ರಿಂದ 500 ಜೂಲ್. ಮೂರು ಪಟ್ಟಿಗೆ ಸ್ವಲ್ಪ ಕಡಿಮೆ ಅಂತರ. ಹಾಗೆಂದು .32 ಆಟದ ಸಾಮಾನಲ್ಲ, ಅದು ಕೊಲ್ಲುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದ ಗುಂಡುಗಳು 7.65 ಎಂ.ಎಂ. ನಾಡಪಿಸ್ತೂಲಿನಿಂದ ಹಾರಿದವು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅದೇ .32.

ಅಂಗಡಿಯಲ್ಲಿ ಸಿಗುವವುಗಳ ಪೈಕಿ ಹಳೆಯದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಬ್ರಿಟಿಷರ ವೆಬ್ಲಿಯ ವಂಶದ್ದು. ಆರು ತೋಟಾ, 76 ಮಿಲಿಮೀಟರ್ ಅಂದರೆ ಮೂರು ಇಂಚಿನ ನಳಿಗೆ, ಸುಮಾರು 700 ಗ್ರಾಂ ತೂಕ. ಮೇಲಿನ ಕೊಂಡಿ ಬಿಚ್ಚಿದರೆ ನಮ್ಮ ತೋಟದ ಒಂಟಿನಳಿಗೆಯ ಹಾಗೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಖಾಲಿ ತೋಟಾಗಳು ಒಟ್ಟಿಗೆ ಹೊರಬೀಳುತ್ತವೆ. ಕೋವಿ ಬಳಸಿ ಗೊತ್ತಿದ್ದವನಿಗೆ ಹೇಳಿಕೊಡುವುದೇ ಬೇಡ. ಅದರ ಕಷ್ಟವಿರುವುದು ಟ್ರಿಗರಿನಲ್ಲಿ. ಕುದುರೆಯನ್ನು ಮೊದಲೇ ಹಿಂದೆಳೆಯದೆ ನೇರವಾಗಿ ಒತ್ತಿದರೆ ಅದು ಭಾರ. ಬೆರಳು ಬಿಗಿಯುವಷ್ಟರಲ್ಲಿ ನಳಿಗೆಯ ತುದಿ ಅಲ್ಲಾಡಿರುತ್ತದೆ.

2014ರ ಜನವರಿಯಲ್ಲಿ ಅದೇ ಕಾನ್ಪುರದಿಂದ 'ನಿರ್ಭೀಕ್' ಬಂತು. ದಿಲ್ಲಿಯ ನಿರ್ಭಯಾಳ ಹೆಸರಿನ ನೆರಳಲ್ಲಿ, ಹೆಂಗಸರ ಕೈಚೀಲಕ್ಕೆಂದು ಮಾಡಿದ ಟೈಟೇನಿಯಂ ಮಿಶ್ರಲೋಹದ ರಿವಾಲ್ವರ್. ತೂಕ 500 ಗ್ರಾಂ, ಬೆಲೆ ಆಗಲೇ 1,22,360 ರೂಪಾಯಿ. ಆ ಬೆಲೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಾತ್ರಿ ಬಸ್ಸಿಗೆ ಕಾಯುವ, ಮೀನು ಮಾರಿ ಮನೆಗೆ ನಡೆಯುವ, ಗಾರ್ಮೆಂಟ್ಸಿನ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳ ಹೆಸರಿನಲ್ಲಿ ಮಾಡಿದ ವಸ್ತು ಅವರಲ್ಲಿ ಯಾರ ಕೈಗೂ ಎಟಕುವಂತಿರಲಿಲ್ಲ. ಅಷ್ಟು ದುಡ್ಡಿದ್ದವಳಿಗೆ ಕಾರಿತ್ತು. ತೂಕ ಇಳಿದದ್ದು ನಿಜವಾದ ಗುಣವೇ, ಆದರೆ ಹಗುರ ಆಯುಧ ಹೆಚ್ಚು ಒದೆಯುತ್ತದೆ. ಗುಂಡು ಮುಂದಕ್ಕೆ ಹೋದಷ್ಟೇ ಬಲದಿಂದ ಹಿಡಿ ಹಿಂದಕ್ಕೆ ಬರುತ್ತದೆ, ಅದನ್ನು ನುಂಗಿಕೊಳ್ಳುವುದು ಲೋಹದ ತೂಕ. .32ರಲ್ಲಿ ಇದು ತಾಳಬಲ್ಲದು ಎಂಬುದೊಂದೇ ಸಮಾಧಾನ. ಅದಕ್ಕಿಂತ ಚಿಕ್ಕದು ಬೇಕೆಂದವರಿಗೆ 'ನಿಡರ್' ಎಂಬ .22 ರಿವಾಲ್ವರನ್ನೂ ಸರ್ಕಾರಿ ಕಾರ್ಖಾನೆಯೇ ತಂದಿತು, ತೂಕ 250 ಗ್ರಾಂ. ಅದನ್ನು ನಾನು ಯಾರಿಗೂ ಹೇಳಲಾರೆ.

2023ರ ಆಗಸ್ಟಿನಲ್ಲಿ ಬಂದ 'ಪ್ರಬಲ್' ಇವುಗಳಲ್ಲಿ ಹೊಸಬ. ಹಳೆಯ ಆರ್ಡ್‌ನೆನ್ಸ್ ಮಂಡಳಿ 2021ರಲ್ಲಿ ಒಡೆದು ಏಳು ಕಂಪನಿಗಳಾದವಲ್ಲ, ಅವುಗಳಲ್ಲಿ ಒಂದಾದ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್ ಇದನ್ನು ಮಾಡುತ್ತದೆ. ಮಡಚುವ ಬದಲು ಸಿಲಿಂಡರು ಪಕ್ಕಕ್ಕೆ ಹೊರಳುತ್ತದೆ, ಕಟ್ಟು ಗಟ್ಟಿ. 675 ಗ್ರಾಂ, ನಳಿಗೆ ಅದೇ 76 ಮಿಲಿಮೀಟರು, ಒಟ್ಟು ಉದ್ದ 177.6. ಐವತ್ತು ಮೀಟರು ಗುರಿ ಮುಟ್ಟುತ್ತದೆ ಎಂಬುದು ಅದರ ಪ್ರಚಾರ. ಕತ್ತಲ ದಾರಿಯಲ್ಲಿ ಮೂರು ಮೀಟರಿನಲ್ಲಿ ಎದುರಾಗುವವನಿಂದ ಪಾರಾಗಲು ಐವತ್ತು ಮೀಟರಿನ ಲೆಕ್ಕ ಯಾಕೆ ಬೇಕು? ಅಷ್ಟು ದೂರದಲ್ಲಿರುವವನಿಂದ ಓಡಿ ತಪ್ಪಿಸಿಕೊಳ್ಳಲು ದಾರಿಯಿರುತ್ತದೆ, ಅಲ್ಲಿ ಗುಂಡು ಹಾರಿಸಿದರೆ ಕೋರ್ಟಿನಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ಲಖನೌ ಹತ್ತಿರದ ಸಂಡೀಲಾದಲ್ಲಿ ವೆಬ್ಲಿ ಆ್ಯಂಡ್ ಸ್ಕಾಟ್ ಹೆಸರಿನ .32 ರಿವಾಲ್ವರುಗಳೂ ತಯಾರಾಗುತ್ತಿವೆ.

ಪಿಸ್ತೂಲೇ ಬೇಕೆನ್ನುವವರಿಗೆ ಸರ್ಕಾರಿ ಕಾರ್ಖಾನೆಗಳ 'ಅಶನಿ' ಇದೆ. ರಿವಾಲ್ವರಿನ ಹೊಟ್ಟೆ ಉಬ್ಬಿರುತ್ತದೆ, ಪಿಸ್ತೂಲು ಚಪ್ಪಟೆ. ಮುಚ್ಚಿ ಒಯ್ಯುವವನಿಗೆ ಇದೇ ದೊಡ್ಡ ಸವಲತ್ತು, ಅಂಗಿಯ ಮೇಲೆ ಗಂಟು ಕಾಣುವುದಿಲ್ಲ. ಮ್ಯಾಗಜಿನ್ನಿನಲ್ಲಿ ಒಂದೆರಡು ತೋಟಾ ಹೆಚ್ಚು ಹಿಡಿಯುತ್ತದೆ. ಆದರೆ ಪಿಸ್ತೂಲು ಓದು-ಬರಹ ಕೇಳುವ ಯಂತ್ರ. ಮ್ಯಾಗಜಿನ್ ತೆಗೆದರೂ ನಳಿಗೆಯೊಳಗೆ ಒಂದು ತೋಟಾ ಉಳಿದಿರಬಹುದು. ಖಾಲಿ ಇದೆ ಎಂದು ತಿಳಿದು ಒತ್ತಿದವರ ಮನೆಗಳಲ್ಲಿ ನಡೆದ ಸಾವುಗಳಿಗೆ ಇದೇ ಕಾರಣ. ಸೇಫ್ಟಿ ಮೇಲಿದೆಯೋ ಕೆಳಗಿದೆಯೋ ಎಂದು ಬೆರಳಿಗೆ ಗೊತ್ತಿರಬೇಕು. .32ರ ಗಿಡ್ಡ ತೋಟಾಕ್ಕೆ ಅರ್ಧ ಅಂಚು ಇರುವುದರಿಂದ ಮ್ಯಾಗಜಿನ್ನಿನೊಳಗೆ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ಯಂತ್ರ ಕಚ್ಚಿ ನಿಲ್ಲುವುದೂ ಉಂಟು. ರಿವಾಲ್ವರಿನಲ್ಲಿ ತೋಟಾ ಠುಸ್ಸೆಂದರೆ ಮತ್ತೊಮ್ಮೆ ಒತ್ತಿದರೆ ಮುಂದಿನದು ಎದುರು ಬರುತ್ತದೆ. ಪಿಸ್ತೂಲಿನಲ್ಲಿ ಹಾಗಾದಾಗ ಎರಡೂ ಕೈ ಬೇಕು, ನಡುಗದ ಮನಸ್ಸು ಬೇಕು. ವರ್ಷಕ್ಕೆ ಹತ್ತು ಗುಂಡೂ ಹಾರಿಸದವನಿಗೆ ರಿವಾಲ್ವರೇ ಮೇಲು ಎಂದು ನನ್ನ ಅಭಿಪ್ರಾಯ, ಅಂಗಿಯ ಮೇಲೆ ಗಂಟು ಕಂಡರೂ ಸರಿ.

ಸಣ್ಣದು ಮಾಡುವ ಕಸುಬು ಎಲ್ಲಿಗೆ ಬಂದಿದೆ ಎಂದು ತಿಳಿಯಲು ಹೊರಗಿನ ಲೆಕ್ಕವನ್ನೂ ಒಮ್ಮೆ ನೋಡಬೇಕು. 1931ರ ವಾಲ್ಥರ್ ಪಿಪಿಕೆ, ಜೇಮ್ಸ್ ಬಾಂಡ್ ಕೈಯಲ್ಲಿ ಜಗತ್ತೇ ಕಂಡದ್ದು, 155 ಮಿಲಿಮೀಟರ್ ಉದ್ದ, .32ರ ಏಳು ತೋಟಾ. 1988ರ ಗ್ಲಾಕ್ 19ರಲ್ಲಿ 9 ಎಂ.ಎಂ.ನ ಹದಿನೈದು, ಆದರೆ ಗಾತ್ರ ದೊಡ್ಡದು. 2015ರ ಗ್ಲಾಕ್ 43 ತೆಳ್ಳಗೆ ಬಂತು, ತೋಟಾ ಆರಕ್ಕೆ ಇಳಿಯಿತು. 2018ರ ಸಿಗ್ ಪಿ365 ಬಂದಾಗ ಪಿಪಿಕೆಗಿಂತಲೂ ಗಿಡ್ಡ ದೇಹದಲ್ಲಿ 9 ಎಂ.ಎಂ.ನ ಹತ್ತು ತೋಟಾ ಹೊಕ್ಕವು, ತೂಕ ಅರ್ಧ ಕಿಲೋ. ಮ್ಯಾಗಜಿನ್ನಿನ ಬುಡದಲ್ಲಿ ಎರಡು ಸಾಲಾಗಿ ಕೂತ ತೋಟಾಗಳು ಮೇಲೆ ಬರುವಷ್ಟರಲ್ಲಿ ಒಂದೇ ಸಾಲಾಗುವ ಹಾಗೆ ಅದರ ಡಬ್ಬಿಯನ್ನು ಜಾಣತನದಿಂದ ಮಡಚಿದ್ದರ ಫಲ ಇದು. ಕುಶಲತೆಯೆಂದರೆ ಕುಶಲತೆಯೇ, ಒಪ್ಪಿಕೊಳ್ಳಬೇಕು.

ಆದರೆ ಯಾವ ಜಾಣನೂ ದಾಟಲಾಗದ ಒಂದು ಲೆಕ್ಕ ಉಳಿಯುತ್ತದೆ. ಗುರಿ ಹಿಡಿಯುವಾಗ ಹಿಂದಿನ ಕಚ್ಚನ್ನೂ ಮುಂದಿನ ಮೊಳೆಯನ್ನೂ ಒಂದು ಗೆರೆಗೆ ತರುತ್ತೇವೆ. ಎರಡರ ನಡುವೆ 20 ಸೆಂಟಿಮೀಟರ್ ಇದ್ದು, ಗೆರೆ ಒಂದು ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಬೀಳುತ್ತದೆ. ನಡುವಿನ ಅಂತರ 10 ಸೆಂಟಿಮೀಟರಿಗೆ ಇಳಿದರೆ ಅದೇ ತಪ್ಪು 10 ಸೆಂಟಿಮೀಟರ್ ಆಗುತ್ತದೆ. ಹಿಡಿ ಗಿಡ್ಡವಾದರೆ ಕಿರುಬೆರಳು ಗಾಳಿಯಲ್ಲಿ. ಅಂದರೆ ಆಯುಧ ಸಣ್ಣದಾದಷ್ಟೂ ಅದನ್ನು ಹಿಡಿದವನ ಕೈ ಪಳಗಿರಬೇಕು. ಕೊಳ್ಳುವವರು ಮಾತ್ರ ತಿರುಗಾಮುರುಗಾ ತಿಳಿಯುತ್ತಾರೆ, ಸಣ್ಣದು ಹೊಸಬರಿಗೆ ಸುಲಭ ಎಂದು. ನಮ್ಮ ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಒಳ್ಳೆಯ ಕೆಲಸ. ಅಲ್ಲಿ ಕಲಿಯುವುದು ಹೆಚ್ಚಾಗಿ ಉದ್ದ ಬಂದೂಕು. ಕೈಪಿಸ್ತೂಲಿನ ಅಭ್ಯಾಸಕ್ಕೆ ಕುಮಟೆಯವನು ರೇಂಜು ಹುಡುಕಿಕೊಂಡು ದೂರದ ಊರಿಗೇ ಹೋಗಬೇಕು. ಕೊಳ್ಳುವ ತೋಟಾಕ್ಕೂ ಮಿತಿ, ಒಂದೊಂದಕ್ಕೂ ಲೆಕ್ಕ.

ಈಗ ನಮ್ಮ ಕರಾವಳಿಗೆ ಬರುತ್ತೇನೆ, ಏಕೆಂದರೆ ಯಾವ ದೇಶದ ಹೋಲಿಕೆಯ ಪಟ್ಟಿಯಲ್ಲೂ ಈ ಸಾಲು ಇರುವುದಿಲ್ಲ. ಕಾಗಾಲದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳು ಉಪ್ಪುಗಾಳಿ. ಕಿಟಕಿಯ ಸರಳು ಎರಡು ವರ್ಷಕ್ಕೆ ಪದರ ಏಳುತ್ತದೆ, ಬಾವಿಯ ಗಡಗಡೆ ಕೀರಲುತ್ತದೆ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು. ಉಕ್ಕಿನ ರಿವಾಲ್ವರನ್ನು ಮೈಬೆವರಿಗೆ ಒತ್ತಿ ಕಟ್ಟಿಕೊಂಡು ಈ ಹವೆಯಲ್ಲಿ ತಿರುಗಿದರೆ ಏನಾಗಬೇಕು? ಬೆವರೂ ಉಪ್ಪೇ. ಮೊದಲು ಕೆಂಪು ಚುಕ್ಕೆ ಕಾಣುವುದು ಮೈಗೆ ತಾಗುವ ಬದಿಯಲ್ಲಿ, ಆಮೇಲೆ ತಿರುಪುಗಳ ತಲೆಯಲ್ಲಿ. ಒಳಗಿನ ಸ್ಪ್ರಿಂಗುಗಳಿಗೆ ಹಿಡಿದದ್ದು ಕಾಣುವುದೇ ಇಲ್ಲ.

ಚರ್ಮದ ಒರೆ ನೋಡಲು ಚಂದ, ಆದರೆ ಚರ್ಮ ತೇವ ಹೀರಿ ಹಿಡಿದಿಡುತ್ತದೆ. ರಾತ್ರಿ ಆಯುಧವನ್ನು ಒರೆಯಲ್ಲೇ ಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ. ಮಲಗುವ ಮುಂಚೆ ತೆಗೆದು, ಖಾಲಿ ಮಾಡಿ, ಒಣಬಟ್ಟೆಯಿಂದ ಒರಸಿ, ಬಂದೂಕಿನ ತೆಳು ಎಣ್ಣೆ ಸವರಿ, ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾದ ಪೊಟ್ಟಣ ಇರಲಿ. ನಮ್ಮ ಕಡೆ ಎಲ್ಲದಕ್ಕೂ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಅದು ಬೇಡ. ದಿನ ಕಳೆದಂತೆ ಅದು ಅಂಟಾಗಿ, ಧೂಳು ಕಚ್ಚಿ, ಟ್ರಿಗರಿನ ಸಂದಿಯಲ್ಲಿ ಮೇಣವಾಗುತ್ತದೆ. ತೋಟಾಗಳೂ ತೇವಕ್ಕೆ ಕೆಡುತ್ತವೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಉಳಿತಾಯವೆಂದು ವರ್ಷಗಟ್ಟಲೆ ಅವೇ ಆರು ತೋಟಾಗಳನ್ನು ಹೊತ್ತು ತಿರುಗುವವನು ಅಗತ್ಯ ಬಿದ್ದ ಹೊತ್ತಿಗೆ ಯಾವುದು ಹಾರೀತು ಎಂದು ಹೇಳಲಾರ. ದೊಡ್ಡಪ್ಪನ ಕೋವಿ ಐವತ್ತು ಮಳೆಗಾಲ ಕಂಡಿದ್ದೂ ಇನ್ನೂ ಗಟ್ಟಿಯಿದ್ದರೆ ಅದು ಅವರು ಪ್ರತಿ ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕೂತು ನಳಿಗೆಗೆ ಬಟ್ಟೆ ಹೊಡೆಯುವುದರಿಂದ. ಆ ಕೋವಿ ವಾರದ ಆರು ದಿನ ಮಲಗಿರುತ್ತದೆ. ಸೊಂಟದ ಪಿಸ್ತೂಲಿಗೆ ಈ ಚಾಕರಿ ದಿನವೂ ಬೇಕು.

ಗ್ರಾಮು, ಇಂಚು, ತೋಟಾಗಳ ಎಣಿಕೆ ಎಲ್ಲ ಮುಗಿದ ಮೇಲೂ ಪಟ್ಟಿಗೆ ಸೇರದೆ ಹೊರಗೆ ನಿಲ್ಲುವುದು ಸಮಯ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ ಒಂದು ಸರಳ ಪ್ರಯೋಗದ ಬಗ್ಗೆ ಬರೆದ. ಚೂರಿ ಹಿಡಿದವನು 21 ಅಡಿ ದೂರವನ್ನು ಓಡಿ ಮುಟ್ಟಲು ಬೇಕಾದದ್ದು ಸುಮಾರು ಒಂದೂವರೆ ಸೆಕೆಂಡು. ಪಳಗಿದ ಪೊಲೀಸನು ಒರೆಯಿಂದ ಪಿಸ್ತೂಲು ಸೆಳೆದು ಗುರಿಯಿಟ್ಟು ಹಾರಿಸಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತೊಂದು ಅಡಿ ಎಂದರೆ ನಮ್ಮ ಮನೆಗಳ ದಣಪೆಯಿಂದ ಜಗಲಿಯ ಮೆಟ್ಟಿಲಿಗಿರುವ ದೂರ. ಅದೂ ಆ ಪೊಲೀಸನು ಒರೆಯನ್ನು ಸೊಂಟದ ಹೊರಗೆ ಕಟ್ಟಿದ್ದವನು. ಜುಲೈ ತಿಂಗಳ ರಾತ್ರಿ, ಮಳೆಕೋಟು, ಅದರೊಳಗೆ ಅಂಗಿ, ಅಂಗಿಯೊಳಗೆ ಪೂರ್ತಿ ಮುಚ್ಚಿದ ಒರೆ, ಎರಡೂ ಕೈ ಬೈಕಿನ ಹ್ಯಾಂಡಲಿನ ಮೇಲೆ. ಆ ಒಂದೂವರೆ ಸೆಕೆಂಡು ಅಲ್ಲಿ ಎಷ್ಟಾಗುತ್ತದೆ ಎಂದು ತಮ್ಮನನ್ನೇ ಕೇಳಿದೆ.

ಇದು ಕಾಗದದ ಮೇಲಿನ ಮಾತಲ್ಲ. ಕುಮಟೆಯ ಪಕ್ಕದ ಅಂಕೋಲೆಯಲ್ಲಿ 2013ರ ಡಿಸೆಂಬರ್ 21ರಂದು ಉದ್ಯಮಿಯೊಬ್ಬರನ್ನು ಹಾಡಹಗಲೇ ಗುಂಡಿಟ್ಟು ಕೊಂದದ್ದು ನಮಗೆಲ್ಲ ನೆನಪಿದೆ. ಅವರಿಗೆ ಬೆದರಿಕೆಯಿತ್ತು, ಜೊತೆಗೆ ಬಂದೂಕುಧಾರಿ ಅಂಗರಕ್ಷಕನೂ ಇದ್ದ. ಅವನು ಅಳುಕಲಿಲ್ಲ, ತಿರುಗಿ ಹಾರಿಸಿದ, ಹಂತಕರಲ್ಲೊಬ್ಬ ಸತ್ತ. ಆದರೆ ಉದ್ಯಮಿ ಉಳಿಯಲಿಲ್ಲ. ಆ ಕೊಲೆಗಾಗಿ ಭೂಗತ ಪಾತಕಿ ಬನ್ನಂಜೆ ರಾಜ ಮತ್ತು ಸಹಚರರಿಗೆ ಬೆಳಗಾವಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2022ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದೆ, 1996ರ ಏಪ್ರಿಲ್‌ನಲ್ಲಿ ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಮುಚ್ಚಿ ಒಯ್ಯುವ ಆಯುಧದ ಲಾಭ ಮೊದಲು ಸಿಗುವುದು ಹೊತ್ತು ಆಯ್ದುಕೊಂಡು ಬರುವವನಿಗೆ. ಕಾಯುವವನಿಗೆ ಹೊತ್ತು ಯಾವುದೆಂದು ಗೊತ್ತಿರುವುದಿಲ್ಲ. 1865ರಲ್ಲಿ ಲಿಂಕನ್ನರ ಬೆನ್ನ ಹಿಂದೆ ಬಂದವನ ಕೈಯಲ್ಲಿದ್ದದ್ದೂ ಅಂಗೈಯೊಳಗೆ ಅಡಗುವ ಡೆರಿಂಜರ್ ಪಿಸ್ತೂಲೇ.

ಹಾಗಾದರೆ ಯಾರೂ ಇಟ್ಟುಕೊಳ್ಳಬಾರದೇ ಎಂದರೆ ನಾನು ಹಾಗೆನ್ನಲಾರೆ. ನಿಜವಾದ ಬೆದರಿಕೆ ಇರುವವರಿದ್ದಾರೆ, ಸಾಕ್ಷಿ ಹೇಳಿ ಊರು ಬಿಟ್ಟವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತವೆ, ಅಪಾಯಕ್ಕೆ ತಕ್ಕಷ್ಟೇ ಬಲ ಎಂಬ ಕಟ್ಟಿನೊಳಗೆ. 2016ರ ಕೊನೆಗೆ ದೇಶದಲ್ಲಿದ್ದ ಸುಮಾರು 33.7 ಲಕ್ಷ ಪರವಾನಗಿಗಳಲ್ಲಿ ಉತ್ತರ ಪ್ರದೇಶದ ಪಾಲು 12.7 ಲಕ್ಷ ದಾಟಿತ್ತು, ಕರ್ನಾಟಕದ್ದು 1.13 ಲಕ್ಷ. ನಮ್ಮ ಆ ಸಂಖ್ಯೆಯೊಳಗೆ ಮಲೆನಾಡು, ಕರಾವಳಿಯ ಬೆಳೆ ಕಾಯುವ ಕೋವಿಗಳೂ ಸೇರಿವೆ. ಚುನಾವಣೆಗೆ ಅವುಗಳನ್ನು ಸಾರಾಸಗಟಾಗಿ ಠಾಣೆಗೆ ತರಿಸುವುದರ ವಿರುದ್ಧ ದಕ್ಷಿಣ ಕನ್ನಡದ ಕೃಷಿಕರು ಹೈಕೋರ್ಟಿನ ಮೆಟ್ಟಿಲೇರಿದ್ದು ನ್ಯಾಯವಾಗಿಯೇ ಇತ್ತು. ಎದುರಿಗಿಟ್ಟುಕೊಂಡು ಬದುಕುವ ಕೋವಿಯನ್ನೂ ಅಡಗಿಸಿ ಒಯ್ಯುವ ಪಿಸ್ತೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳಬೇಕು. ಬಂದೂಕು ಇರುವ ಮನೆಯಲ್ಲಿ ಆತ್ಮಹತ್ಯೆಯಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಾಲ, ರೋಗ, ಮನಸ್ತಾಪದ ಒಂದು ರಾತ್ರಿ ಕೈಗೆಟಕುವ ಆಯುಧ ಎರಡನೇ ಯೋಚನೆಗೆ ಸಮಯ ಕೊಡುವುದಿಲ್ಲ. ಕಪಾಟಿನ ಬೀಗ ಕಳ್ಳನಿಗೂ ಮಕ್ಕಳಿಗೂ ಎಂದುಕೊಂಡಿರುತ್ತೇವೆ. ನಮ್ಮ ಕೆಟ್ಟ ಗಳಿಗೆಗೂ ಅದೇ ಬೀಗ ಬೇಕು, ಕೀಲಿ ಇನ್ನೊಬ್ಬರ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.

ತಮ್ಮನಿಗೆ ನಾನು ಯಾವ ಪಿಸ್ತೂಲಿನ ಹೆಸರನ್ನೂ ಹೇಳಲಿಲ್ಲ. ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡು ಎಂದೆ. ಹೊಳೆಯಾಚೆಯ ಸಾಣಿಕಟ್ಟೆಯ ಉಪ್ಪು ಏಳುನೂರು ಗ್ರಾಂ ತೂಗಿಸಿ ಬಟ್ಟೆಚೀಲದಲ್ಲಿ ಹೊಲಿಸು. ಅದನ್ನು ಅಂಗಿಯೊಳಗೆ ಸೊಂಟಕ್ಕೆ ಕಟ್ಟಿಕೊಂಡು ಒಂದು ವಾರ ಎಂದಿನ ಹಾಗೆ ತಿರುಗು. ನಿಜವಾದ ಆಯುಧವೆಂದೇ ತಿಳಿದು, ಎಲ್ಲಿ ಅದನ್ನು ಒಯ್ಯುವಂತಿಲ್ಲವೋ ಅಲ್ಲಿ ಬಿಚ್ಚಿ ಬೀಗದೊಳಗೆ ಇಡು, ಯಾರ ಕೈಗೂ ಕೊಡಬೇಡ.

ಅವನು ಮನಸ್ಸಿಟ್ಟು ಮಾಡಿದ. ಮೊದಲ ದಿನ ಬ್ಯಾಂಕಿನಲ್ಲಿ ಬಿಚ್ಚಬೇಕಾಯಿತು. ಎರಡನೇ ದಿನ ದೇವಸ್ಥಾನದಲ್ಲಿ, ಮಗಳ ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ. ಬಿಚ್ಚಿದ್ದನ್ನು ಬೈಕಿನ ಪೆಟ್ಟಿಗೆಯಲ್ಲಿ ಬಿಟ್ಟುಹೋಗುವುದು ಸಲ್ಲದು ಎಂದು ನೆನಪಾಗಿ ಎರಡು ಸಲ ಮನೆಗೆ ವಾಪಸು ಬಂದ. ಮೂರನೇ ದಿನ ಅಡಿಕೆ ಚೀಲ ಎತ್ತುವಾಗ ಪಕ್ಕೆಗೆ ಒತ್ತಿ ನೋವಾಯಿತು. ರಾತ್ರಿ ಮಗಳು ಓಡಿಬಂದು ಸೊಂಟ ತಬ್ಬಿ, ಅಪ್ಪಾ ಇದೆಂತದು ಎಂದು ಮುಟ್ಟಿ ನೋಡಿದಳಂತೆ. ಅದನ್ನು ಹೇಳುವಾಗ ಅವನ ದನಿ ತಗ್ಗಿತು.

ನಾಲ್ಕನೇ ದಿನ ಸಂಜೆ ನಾನು ಹೋದಾಗ ಚೀಲ ಜಗಲಿಯ ಗೂಟಕ್ಕೆ ತೂಗುತ್ತಿತ್ತು. ಮಳೆಯಲ್ಲಿ ನೆಂದಿರಲಿಲ್ಲ, ಮಳೆಕೋಟಿನೊಳಗೇ ಇತ್ತು. ಆದರೂ ಬೆವರು ಮತ್ತು ಗಾಳಿಯ ತೇವ ಕುಡಿದು ಉಪ್ಪು ಕರಗತೊಡಗಿತ್ತು, ಬಟ್ಟೆ ತೊಯ್ದು ಹನಿ ತೊಟ್ಟಿಕ್ಕುತ್ತಿತ್ತು. ಬಾಯಿ ಕಟ್ಟಿದ್ದ ಕಬ್ಬಿಣದ ತಂತಿ ಕೆಂಪಾಗಿತ್ತು. ದೊಡ್ಡಪ್ಪ ಅದರ ಕೆಳಗೊಂದು ತಟ್ಟೆ ಇಟ್ಟಿದ್ದರು.